ಚಿಕ್ಕಪ್ಪನ ಡಬ್ಬಾ ಫೋನಿನಿಂದ 463 ಫೋಟೊ ಇಳಿಸಿದ ಕತೆ

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಕೀಪ್ಯಾಡ್ ಫೋನ್ ಇದೆ. ಅದರ 5ರ ಬಟನ್ ಮೇಲಿನ ಅಂಕಿ ಅಳಿಸಿಹೋಗಿ ಯಾವ ಕಾಲವಾಯಿತೋ. ಹಿಂದಿನ ಮುಚ್ಚಳ ನಿಲ್ಲುವುದಿಲ್ಲ ಅಂತ ಒಂದು ಕೆಂಪು ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ. ಆ ರಬ್ಬರ್ ಬ್ಯಾಂಡ್ ಸರಿಯಾಗಿ ಕ್ಯಾಮೆರಾದ ಅಂಚಿಗೇ ಬಂದು ಕೂರುತ್ತದೆ. ಹಾಗಾಗಿ ಅವರು ತೆಗೆದ ಅರ್ಧಕ್ಕರ್ಧ ಫೋಟೊಗಳಲ್ಲಿ ಒಂದು ಪಕ್ಕಕ್ಕೆ ಮಸುಕು ಕೆಂಪು ಪಟ್ಟಿ ಇದ್ದೇ ಇರುತ್ತದೆ.

ಅವರು ಫೋಟೊ ತೆಗೆಯುವುದೂ ನಮ್ಮ ಹಾಗೆ ಅಲ್ಲ. ಕರೆಂಟ್ ಮೀಟರಿನ ರೀಡಿಂಗ್, ತೊಟ್ಟಿಕ್ಕುವ ನಲ್ಲಿ, ಕೆಟ್ಟುಹೋದ ಪಂಪಿನ ಮೇಲಿರುವ ನಂಬರ್, ಯಾವುದೋ ಸ್ಕ್ರೂ. ನಡುನಡುವೆ ಬೆಕ್ಕು. "ಪೆನ್ನು ಹುಡುಕಿ ಬರೆದಿಟ್ಕೊಳ್ಳೋದಕ್ಕಿಂತ ಇದೇ ಸಲೀಸು" ಅನ್ನುತ್ತಾರೆ. ಅದೂ ನಿಜವೇ.

ಹೋದ ವಾರ ಬಂದು ಫೋನನ್ನು ನನ್ನ ಕೀಬೋರ್ಡ್ ಮೇಲೇ ಇಟ್ಟರು.

"ಏನೋ ಇದು, ಮೆಮೊರಿ ಫುಲ್ ಅಂತ ಒಂದೇ ಸಮನೆ ಬಡ್ಕೊಳ್ತಿದೆ. ಇದರಲ್ಲಿರೋ ಫೋಟೊ ಎಲ್ಲ ನಿನ್ನ ಕಂಪ್ಯೂಟರ್‌ಗೆ ಹಾಕ್ಬಿಡು. ಐದು ನಿಮಿಷದ ಕೆಲಸ ಅಲ್ವಾ?"

"ಆಯ್ತು ಚಿಕ್ಕಪ್ಪ, ನೀವು ಕೂತ್ಕೊಳ್ಳಿ, ಈಗಲೇ ಮಾಡಿಕೊಡ್ತೀನಿ" ಅಂದೆ. ಒಂದೂವರೆ ದಿನ ಹಿಡಿಯಿತು.

ಸ್ಮಾರ್ಟ್‌ಫೋನಿಗೆ ಒಗ್ಗಿಹೋದ ಮೇಲೆ ನಮಗೆ ಈ ಕೆಲಸವೇ ಮರೆತುಹೋಗಿದೆ. ನಮ್ಮ ಫೋಟೊ ತಾನೇ ಎಲ್ಲಿಗೋ ಹೋಗಿ ಸೇರುತ್ತದೆ, ಬೇಕಾದಾಗ ತಾನೇ ಬರುತ್ತದೆ. ಡಬ್ಬಾ ಫೋನಿನಲ್ಲಿ ಹಾಗಲ್ಲ. ಅದರೊಳಗಿನ ಫೋಟೊ ಇರುವುದು ಅದರೊಳಗೆ ಮಾತ್ರ. ಹೊರಗೆ ತರಬೇಕು ಅಂದರೆ ಕೇಬಲ್, ಇಲ್ಲವೇ ಕಾರ್ಡ್, ಇಲ್ಲವೇ ಬ್ಲೂಟೂತ್. ನಾನು ಮೂರನ್ನೂ ಮಾಡಿ, ಮೂರರಲ್ಲೂ ಒಂದೊಂದು ಸಲ ಎಡವಿ, ಕೊನೆಗೆ ದಡ ಸೇರಿದೆ. ನಿಮಗೂ ಯಾರಾದರೂ ಹೀಗೆ ಫೋನ್ ತಂದಿಟ್ಟರೆ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ನಾನು ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಏನನ್ನೂ ಮುಟ್ಟುವ ಮುಂಚೆ ಫೋನಿನಲ್ಲಿ ಎಷ್ಟು ಫೋಟೊ ಇದೆ, ಎಲ್ಲೆಲ್ಲಿ ಇದೆ ಅಂತ ನೋಡಿ ಒಂದು ಚೀಟಿಯಲ್ಲಿ ಬರೆದುಕೊಂಡೆ. ಈ ಥರದ ಫೋನುಗಳಲ್ಲಿ ಜಾಗ ಎರಡು ಕಡೆ ಇರುತ್ತದೆ. ಫೋನಿನ ಸ್ವಂತ ಮೆಮೊರಿ ಒಂದು, ಮೆಮೊರಿ ಕಾರ್ಡ್ ಇನ್ನೊಂದು. ಫೋಟೊ ಎರಡರಲ್ಲಿ ಎಲ್ಲಿ ಬೇಕಾದರೂ ಇರಬಹುದು. ಗ್ಯಾಲರಿ ತೆಗೆದರೆ ಕೆಲವು ಫೋನು ಎರಡನ್ನೂ ಸೇರಿಸಿ ತೋರಿಸುತ್ತವೆ, ಕೆಲವು ಒಂದನ್ನೇ ತೋರಿಸಿ ಸುಮ್ಮನಾಗುತ್ತವೆ. ಅದಕ್ಕೇ ಗ್ಯಾಲರಿ ಬಿಟ್ಟು ಫೈಲ್ ಮ್ಯಾನೇಜರ್‌ಗೆ ಹೋಗಿ ನೋಡುವುದು ಒಳ್ಳೆಯದು. ಚಿಕ್ಕಪ್ಪನ ಫೋನಿನಲ್ಲಿ ಕಾರ್ಡ್‌ನಲ್ಲಿ 398, ಫೋನ್ ಮೆಮೊರಿಯಲ್ಲಿ 65. ಒಟ್ಟು 463. ಆ ಚೀಟಿ ಆಮೇಲೆ ನನ್ನ ಮಾನ ಉಳಿಸಿತು.

ಇನ್ನು ಕೇಬಲ್. ನನ್ನ ಡ್ರಾಯರ್‌ನಲ್ಲಿ ಹಾವಿನ ಬುಟ್ಟಿಯ ಹಾಗೆ ಕೇಬಲ್ ತುಂಬಿವೆ. ಚಿಕ್ಕಪ್ಪನ ಫೋನಿನದು ಮೈಕ್ರೊ ಯುಎಸ್‌ಬಿ ತೂತು. ಅದಕ್ಕಿಂತ ಹಳೆಯ ಫೋನುಗಳಲ್ಲಿ ಸ್ವಲ್ಪ ದಪ್ಪಗಿರುವ ಮಿನಿ ಯುಎಸ್‌ಬಿ ಇರುತ್ತದೆ. ಇನ್ನೂ ಹಳೆಯವಾದರೆ ಒಂದೊಂದು ಕಂಪನಿಗೆ ಒಂದೊಂದು ಆಕಾರದ ತೂತು, ಆ ಕೇಬಲ್ ಕಳೆದುಹೋಗಿದ್ದರೆ ಆ ದಾರಿ ಅಲ್ಲಿಗೇ ಮುಚ್ಚಿತು ಅಂತ ಬಿಟ್ಟು ಮುಂದೆ ಹೋಗಿ. ನಾನು ಕೈಗೆ ಸಿಕ್ಕ ಮೈಕ್ರೊ ಕೇಬಲ್ ಒಂದನ್ನು ಚುಚ್ಚಿದೆ. ಫೋನಿನಲ್ಲಿ ಬ್ಯಾಟರಿ ಗುರುತು ಏರಿಳಿಯಲು ಶುರುವಾಯಿತು. ಕಂಪ್ಯೂಟರ್ ಮಾತ್ರ ಪಿಟಿಕ್ ಅನ್ನಲಿಲ್ಲ. ಬೇರೆ ಪೋರ್ಟ್‌ಗೆ ಹಾಕಿದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ಫೋನ್ ಆಫ್ ಮಾಡಿ ಆನ್ ಮಾಡಿದೆ. ಫೋನನ್ನು ಕಂಪ್ಯೂಟರಿಗೆ ಪರಿಚಯ ಮಾಡಿಸುವ ಡ್ರೈವರ್ ಅನ್ನುವ ಸಾಫ್ಟ್‌ವೇರ್ ಇಲ್ಲವೇನೋ ಅಂತ ಹುಡುಕಲು ಕೂತೆ. ಒಂದು ಗಂಟೆ ಹೋಯಿತು.

ತಪ್ಪು ಕೇಬಲಿನದು. ಯುಎಸ್‌ಬಿ 2.0 ಕೇಬಲಿನ ಒಳಗೆ ನಾಲ್ಕು ತಂತಿ ಇರಬೇಕು. ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಡೇಟಾಕ್ಕೆ. ಬರೀ ಚಾರ್ಜಿಂಗ್‌ಗೆ ಅಂತ ಮಾಡಿದ ಕೇಬಲಿನಲ್ಲಿ ಈ ಹಸಿರು ಬಿಳಿ ಎರಡು ಇರುವುದೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಗೊತ್ತೇ ಆಗುವುದಿಲ್ಲ. ಫೋನ್ ಚಾರ್ಜ್ ಆಗುತ್ತಿದೆ, ಆದರೆ ಕಂಪ್ಯೂಟರಿಗೆ ಅದು ಇದೆ ಅಂತಲೇ ಗೊತ್ತಿಲ್ಲ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಕೇಬಲನ್ನೇ. ಡ್ರೈವರ್ ಹುಡುಕುವುದು, ಬಯ್ಯುವುದು ಎಲ್ಲ ಆಮೇಲೆ. ನಾನಂತೂ ಆ ಕೇಬಲಿಗೆ ಅಲ್ಲೇ ಒಂದು ಗಂಟು ಹಾಕಿದೆ, ಮುಂದಿನ ಸಲ ಕೈಗೆ ಬಂದರೆ ಗುರುತು ಸಿಗಲಿ ಅಂತ.

ಎರಡನೇ ಕೇಬಲ್ ಹಾಕಿದ ತಕ್ಷಣ ಫೋನಿನ ಪರದೆಯ ಮೇಲೆ ಮೂರು ಸಾಲು ಬಂತು. ಮಾಸ್ ಸ್ಟೋರೇಜ್, ವೆಬ್‌ಕ್ಯಾಮ್, ಕಾಮ್ ಪೋರ್ಟ್. ನಾನು ಕಂಪ್ಯೂಟರ್ ಕಡೆ ನೋಡುತ್ತಾ ಸುಮ್ನೆ ಓಕೆ ಒತ್ತಿದೆ. ಯಾವುದರ ಮೇಲೆ ಒತ್ತಿದೆನೋ ಏನೋ, ಫೋನು ವೆಬ್‌ಕ್ಯಾಮ್ ಆಗಿ ಕೂತಿತು. ಕಂಪ್ಯೂಟರಿನಲ್ಲಿ ಕ್ಯಾಮೆರಾ ಆ್ಯಪ್ ತೆರೆದು ನೋಡಿದರೆ ಬರೀ ಮೇಜಿನ ಕಪ್ಪು ಬಣ್ಣ, ಪಕ್ಕದಲ್ಲಿ ಕೆಂಪು ರಬ್ಬರ್ ಬ್ಯಾಂಡ್. ಇಷ್ಟು ಹಳೆಯ ಫೋನಿಗೆ ಈ ವಿದ್ಯೆಯೂ ಗೊತ್ತು ಅಂತ ಒಂದು ಕ್ಷಣ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ನಮಗೆ ಬೇಕಾದ್ದು ಮಾಸ್ ಸ್ಟೋರೇಜ್. ಅದನ್ನು ಆರಿಸಿದರೆ ಫೋನಿನ ಕಾರ್ಡು ಕಂಪ್ಯೂಟರಿಗೆ ಒಂದು ಪೆನ್‌ಡ್ರೈವ್ ಥರ ಕಾಣುತ್ತದೆ. ಯಾವ ಸಾಫ್ಟ್‌ವೇರೂ ಬೇಡ. ಹಿಂದೆ ಕೆಲವು ಫೋನುಗಳಿಗೆ ಅವುಗಳದ್ದೇ ಪ್ರೋಗ್ರಾಂ ಹಾಕಿಕೊಳ್ಳುವ ರೂಢಿ ಇತ್ತು, ನೋಕಿಯಾ ಪಿಸಿ ಸೂಟ್ ನೆನಪಿರಬಹುದು. ಈಗ ಅದರ ಹಿಂದೆ ಬೀಳುವ ಅಗತ್ಯ ಬಹಳ ಕಡಿಮೆ. ಒಂದು ವಿಷಯ ಗಮನಿಸಿ. ಈ ಮೋಡ್‌ನಲ್ಲಿ ಇರುವಷ್ಟು ಹೊತ್ತು ಫೋನಿನಲ್ಲಿ ಕ್ಯಾಮೆರಾ ತೆಗೆದರೆ ಕಾರ್ಡೇ ಇಲ್ಲ ಅನ್ನಬಹುದು. ಹೆದರಬೇಡಿ. ಕಾರ್ಡಿನಲ್ಲಿ ಯಾವ ಫೈಲ್ ಎಲ್ಲಿದೆ ಅನ್ನುವ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಫೋನೂ ಬರೆದು, ಕಂಪ್ಯೂಟರೂ ಬರೆದರೆ ಪಟ್ಟಿ ಕಲಸುಮೇಲೋಗರ. ಅದಕ್ಕೇ ಕಂಪ್ಯೂಟರಿಗೆ ಕೊಟ್ಟಾಗ ಫೋನು ಕೈ ಬಿಡುತ್ತದೆ. ಕೇಬಲ್ ತೆಗೆಯುವ ಮುಂಚೆ ಇಜೆಕ್ಟ್ ಒತ್ತಿ ಅಂತ ಹೇಳುವುದೂ ಇದೇ ಕಾರಣಕ್ಕೆ.

ಸರಿ, ಕಾಪಿ ಶುರುವಾಯಿತು. ಹತ್ತು, ಇಪ್ಪತ್ತು, ನೂರು. ಅಷ್ಟರಲ್ಲಿ ಚಿಕ್ಕಪ್ಪ "ಆಯ್ತೇನೋ?" ಅಂತ ಫೋನು ಎತ್ತಿ ನೋಡಿದರು. ಅದರ ತೂತು ಸಡಿಲ. ಎತ್ತಿದ್ದೇ ತಡ, ಟಣ್ ಅಂತ ಶಬ್ದ ಬಂತು, ಡ್ರೈವ್ ಮಾಯ.

ನಾನು ಕಾಪಿ ಮಾಡುತ್ತಿದ್ದೆ, ಕಟ್ ಮಾಡುತ್ತಿರಲಿಲ್ಲ. ಹಾಗಾಗಿ ಏನೂ ಆಗಲಿಲ್ಲ. ಈ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಎಷ್ಟೋ ವರ್ಷದ ಹಿಂದೆ ನನ್ನದೇ ಇಂಥ ಒಂದು ಫೋನಿನಿಂದ, ಹೇಗೂ ಅಲ್ಲಿಂದ ಅಳಿಸಬೇಕಲ್ಲ, ಒಂದೇ ಏಟಿಗೆ ಎರಡು ಕೆಲಸ ಆಗಲಿ ಅಂತ ಕಟ್ ಮಾಡಿ ಪೇಸ್ಟ್ ಹೊಡೆದಿದ್ದೆ. ನಡುವೆ ಕೇಬಲ್ ಕಾಲಿಗೆ ಸಿಕ್ಕಿ ಕಿತ್ತು ಬಂತು. ಮತ್ತೆ ಹಾಕಿದರೆ ಈ ಡಿಸ್ಕನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ ವಿಂಡೋಸ್ ಬಹಳ ವಿನಯದಿಂದ ಕೇಳಿತು. ಆ ಪ್ರಶ್ನೆಗೆ ಯಾವತ್ತೂ ಹೂಂ ಅನ್ನಬೇಡಿ. ಪುಣ್ಯಕ್ಕೆ ನಾನೂ ಅನ್ನಲಿಲ್ಲ. ಫೋಟೊರೆಕ್ ಅಂತ ಒಂದು ಉಚಿತ ಪ್ರೋಗ್ರಾಂ ಇದೆ. ನೋಡಲು ಕಪ್ಪು ಪರದೆ, ಬಿಳಿ ಅಕ್ಷರ, ಮೊದಲ ಸಲ ನೋಡಿದವರಿಗೆ ಭಯವೇ ಆಗಬೇಕು. ಆದರೆ ಅದರ ಉಪಾಯ ಚೆನ್ನಾಗಿದೆ. ಕೆಟ್ಟುಹೋದ ಪಟ್ಟಿಯನ್ನು ಅದು ನಂಬುವುದೇ ಇಲ್ಲ. ಇಂಥ ಫೋನುಗಳು ಉಳಿಸುವ ಜೆಪೆಗ್ ಬಗೆಯ ಪ್ರತಿ ಫೋಟೊ ಒಂದೇ ಥರದ ಕೆಲವು ಬೈಟ್‌ಗಳಿಂದ ಶುರುವಾಗುತ್ತದೆ. ಕಾರ್ಡನ್ನು ಮೊದಲಿಂದ ಕೊನೆಯವರೆಗೆ ಓದುತ್ತಾ ಆ ಬೈಟ್‌ಗಳು ಎಲ್ಲಿ ಸಿಕ್ಕರೂ ಇಲ್ಲೊಂದು ಫೋಟೊ ಇತ್ತು ಅಂತ ಎತ್ತಿಕೊಡುತ್ತದೆ. ಫೈಲಿನ ಹೆಸರೂ ಫೋಲ್ಡರೂ ಮಾತ್ರ ವಾಪಸ್ ಬರುವುದಿಲ್ಲ. ಎಫ್ ಅಂತ ಶುರುವಾಗಿ ಉದ್ದಕ್ಕೆ ಅಂಕಿ ಇರುವ ಹೆಸರುಗಳು ಬರುತ್ತವೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬಾರದು, ಬೇರೆ ಡಿಸ್ಕಿಗೆ ಉಳಿಸಬೇಕು. ಇಲ್ಲದಿದ್ದರೆ ಇನ್ನೂ ಸಿಗಬೇಕಾದ ಫೋಟೊಗಳ ಮೇಲೇ ಬರೆದುಬಿಡುತ್ತದೆ. ಅವತ್ತು ನನಗೆ ಮುಕ್ಕಾಲು ಪಾಲು ಸಿಕ್ಕಿತು. ಉಳಿದ ಕಾಲು ಪಾಲಿನಲ್ಲಿ ಏನಿತ್ತು ಅಂತ ಈಗ ನೆನಪೂ ಇಲ್ಲ, ಆದರೆ ಹೋಯಿತಲ್ಲ ಅನ್ನುವುದು ಮಾತ್ರ ನೆನಪಿದೆ.

ಸಡಿಲ ತೂತಿನ ಸಹವಾಸ ಬೇಡ ಅಂತ ಕಾರ್ಡನ್ನೇ ಹೊರಗೆ ತೆಗೆಯೋಣ ಅಂದುಕೊಂಡೆ. ಮೊದಲೇ ಇದನ್ನು ಮಾಡಬೇಕಿತ್ತು. ನನ್ನ ಮಟ್ಟಿಗೆ ಡಬ್ಬಾ ಫೋನಿನಿಂದ ಫೋಟೊ ತರುವ ಸರಿಯಾದ ದಾರಿ ಇದೊಂದೇ, ಉಳಿದವೆಲ್ಲ ಇದು ಆಗದಿದ್ದಾಗ. ಫೋನು ಕೆಟ್ಟಿರಲಿ, ಪರದೆ ಒಡೆದಿರಲಿ, ಚಾರ್ಜ್ ಇಲ್ಲದಿರಲಿ, ಕಾರ್ಡಿಗೆ ಅದರ ಚಿಂತೆ ಇಲ್ಲ.

ರಬ್ಬರ್ ಬ್ಯಾಂಡ್ ಬಿಚ್ಚಿ, ಮುಚ್ಚಳ ತೆಗೆದು, ಬ್ಯಾಟರಿ ಎತ್ತಿದರೆ ಕೆಳಗೆ ಕಾರ್ಡ್ ಇತ್ತು. ಫೋನ್ ಆಫ್ ಮಾಡಿ ತೆಗೆಯಿರಿ, ಆನ್ ಇರುವಾಗಲೇ ಬ್ಯಾಟರಿ ಎತ್ತಬೇಡಿ. ಮೈಕ್ರೊ ಎಸ್‌ಡಿ ಕಾರ್ಡ್ ಅಂದರೆ 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪ. ಹೆಬ್ಬೆರಳ ಉಗುರಿನಷ್ಟು. ಕಪ್ಪು ಬೇರೆ. ಕೆಲವು ಫೋನುಗಳಲ್ಲಿ ಒತ್ತಿದರೆ ಸ್ಪ್ರಿಂಗ್ ಹಾಗೆ ಚಿಮ್ಮುತ್ತದೆ. ಚಿಮ್ಮಿ ಎಲ್ಲಾದರೂ ಮೂಲೆಗೆ ಹೋಯಿತು ಅಂದರೆ ಮನೆಮಂದಿಯೆಲ್ಲ ನೆಲದ ಮೇಲೆ. ಒಂದು ಬಿಳಿ ಟವೆಲ್ ಹಾಸಿ ಅದರ ಮೇಲೆ ತೆಗೆಯಿರಿ.

ಲ್ಯಾಪ್‌ಟಾಪಿನಲ್ಲಿ ದೊಡ್ಡ ಎಸ್‌ಡಿ ಕಾರ್ಡಿನ ಜಾಗ ಇದ್ದರೆ ಒಂದು ಅಡಾಪ್ಟರ್ ಒಳಗೆ ಈ ಚಿಕ್ಕ ಕಾರ್ಡನ್ನು ತೂರಿಸಿ ಹಾಕಬಹುದು. ಇಲ್ಲದಿದ್ದರೆ ಯುಎಸ್‌ಬಿ ಕಾರ್ಡ್ ರೀಡರ್. ಕಾರ್ಡ್ ರೀಡರ್ ತುಂಬಾ ಹಳೆಯದಾಗಿದ್ದರೆ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಓದದೇ ಇರಬಹುದು. ಎಸ್‌ಡಿಎಚ್‌ಸಿ ಅನ್ನುವ ದೊಡ್ಡ ಕಾರ್ಡುಗಳ ಲೆಕ್ಕ ಬಂದದ್ದೇ 2006ರಲ್ಲಿ, ಅದಕ್ಕೂ ಮುಂಚಿನ ರೀಡರಿಗೆ ಅದು ತಿಳಿಯುವುದಿಲ್ಲ. ಕಾರ್ಡ್ ಕೆಟ್ಟಿದೆ ಅಂತ ಎಸೆಯುವ ಮುಂಚೆ ಬೇರೆ ರೀಡರಿನಲ್ಲಿ ಒಮ್ಮೆ ನೋಡಿ.

ಅಡಾಪ್ಟರ್‌ನ ಎಡಗಡೆ ಅಂಚಿನಲ್ಲಿ ಒಂದು ಪುಟ್ಟ ಗುಬುಟು ಇರುತ್ತದೆ. ಕೆಳಗೆ ಎಳೆದರೆ ಲಾಕ್. ಗೊತ್ತಿಲ್ಲದೆ ಅದು ಜಾರಿದಾಗ ಎಷ್ಟೋ ಜನ ಡಿಲೀಟ್ ಆಗುತ್ತಿಲ್ಲ, ಹೊಸ ಫೈಲ್ ಹೋಗುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ನಮ್ಮ ಈ ಕೆಲಸಕ್ಕೆ ಅದೇ ಬೇಕಾದ್ದು! ಲಾಕ್ ಮಾಡಿಯೇ ಹಾಕಿ. ಕಾಪಿ ಮಾಡಲು ಓದಿದರೆ ಸಾಕು, ಬರೆಯುವ ಅಗತ್ಯ ಇಲ್ಲ. ಕೈತಪ್ಪಿ ಡಿಲೀಟ್ ಒತ್ತಿದರೂ ಸಾಮಾನ್ಯವಾಗಿ ಕಾರ್ಡಿನಲ್ಲಿರುವುದು ಅಳಿಯುವುದಿಲ್ಲ. ನನಗೆ ಈ ಉಪಾಯ ಹೊಳೆದದ್ದು ಇತ್ತೀಚೆಗೆ, ಹೊಳೆದಾಗ ಇಷ್ಟು ವರ್ಷ ಏನು ಮಾಡುತ್ತಿದ್ದೆ ಅನ್ನಿಸಿತು.

ಕಾರ್ಡ್ ತೆರೆದಾಗ ಫೋಟೊ ಯಾವ ಫೋಲ್ಡರಿನಲ್ಲಿದೆ ಅಂತ ಹುಡುಕಬೇಕು. ಡಿಜಿಟಲ್ ಕ್ಯಾಮೆರಾಗಳೆಲ್ಲ ಡಿಸಿಐಎಂ ಅನ್ನುವ ಫೋಲ್ಡರಿಗೆ ಹಾಕುತ್ತವೆ, ಅದು 1998ರಲ್ಲಿ ಜಪಾನಿನಲ್ಲಿ ಮಾಡಿಕೊಂಡ ನಿಯಮ. ಡಬ್ಬಾ ಫೋನುಗಳು ಎಲ್ಲ ಸಲ ಅದನ್ನು ಪಾಲಿಸುವುದಿಲ್ಲ. ಒಂದರಲ್ಲಿ ಫೋಟೋಸ್, ಇನ್ನೊಂದರಲ್ಲಿ ಇಮೇಜಸ್, ಮತ್ತೊಂದರಲ್ಲಿ ಇನ್ನೇನೋ. ಹುಡುಕಾಟವೇ ಬೇಡ ಅಂದರೆ ಕಾರ್ಡ್ ತೆರೆದು ಸರ್ಚ್ ಪೆಟ್ಟಿಗೆಯಲ್ಲಿ ನಕ್ಷತ್ರದ ಗುರುತು, ಚುಕ್ಕಿ, ಜೆಪಿಜಿ (*.jpg) ಅಂತ ಹೊಡೆಯಿರಿ. ಎಲ್ಲ ಮೂಲೆಯಿಂದಲೂ ಫೋಟೊ ಎದ್ದು ಬರುತ್ತವೆ. ಒಂದೂ ಬರಲಿಲ್ಲ, ಆದರೆ ಕಾರ್ಡಿನಲ್ಲಿ ಜಾಗ ಮಾತ್ರ ತುಂಬಿದೆ ಅಂದರೆ ಫೈಲುಗಳು ಅಡಗಿ ಕೂತಿರಬಹುದು. ಕಾರ್ಡ್ ಹತ್ತಾರು ಕಂಪ್ಯೂಟರ್ ಸುತ್ತಿ ಬಂದಿದ್ದರೆ ಫೋಲ್ಡರನ್ನು ಬಚ್ಚಿಟ್ಟು ಅದರ ಹೆಸರಿನದೇ ಒಂದು ಶಾರ್ಟ್‌ಕಟ್ ಇಡುವ ವೈರಸ್ ಹತ್ತಿರುವುದುಂಟು. ಆ ಶಾರ್ಟ್‌ಕಟ್ ಮುಟ್ಟದೆ, ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ. ಅಲ್ಲೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಸ್ಟಮ್ ಫೈಲುಗಳನ್ನು ಮರೆಮಾಡುವ ಟಿಕ್ ತೆಗೆದು ನೋಡಿ.

ಕಾರ್ಡಿನ 398 ಎರಡು ನಿಮಿಷದಲ್ಲಿ ಮುಗಿಯಿತು. ಉಳಿದದ್ದು ಫೋನ್ ಮೆಮೊರಿಯ 65.

ಇದಕ್ಕೆ ಬ್ಲೂಟೂತ್ ಹಿಡಿದೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಫೋನಿನಿಂದ ಕಳಿಸುತ್ತೀರಿ, ಪೇರ್ ಆಗಿದೆ, ಅಂದರೆ ಎರಡಕ್ಕೂ ಪರಿಚಯವಾಗಿದೆ ಅನ್ನುತ್ತದೆ, ಆದರೂ ಫೇಲ್ಡ್ ಅಂತ ಬರುತ್ತದೆ. ಪೇರ್ ಆಗುವುದೇ ಬೇರೆ, ಫೈಲ್ ತೆಗೆದುಕೊಳ್ಳಲು ಕಂಪ್ಯೂಟರ್ ಕೈ ಚಾಚಿ ನಿಲ್ಲುವುದೇ ಬೇರೆ. ವಿಂಡೋಸ್‌ನಲ್ಲಿ ಬ್ಲೂಟೂತ್ ಸೆಟ್ಟಿಂಗ್‌ಗೆ ಹೋಗಿ ಬ್ಲೂಟೂತ್ ಮೂಲಕ ಫೈಲ್ ಕಳಿಸುವ ಅಥವಾ ಪಡೆಯುವ ಆಯ್ಕೆ ತೆರೆದು, ರಿಸೀವ್ ಫೈಲ್ಸ್ ಒತ್ತಿ, ಕಾಯುತ್ತಿದ್ದೇನೆ ಅಂತ ಅದು ಹೇಳಿದ ಮೇಲೆ ಫೋನಿನಿಂದ ಕಳಿಸಬೇಕು. ಈ ಕ್ರಮ ತಪ್ಪಿದರೆ ಏನು ಮಾಡಿದರೂ ಹೋಗುವುದಿಲ್ಲ. ಮ್ಯಾಕ್‌ನಲ್ಲಾದರೆ ಶೇರಿಂಗ್ ಸೆಟ್ಟಿಂಗ್‌ನಲ್ಲಿ ಬ್ಲೂಟೂತ್ ಶೇರಿಂಗ್ ಆನ್ ಮಾಡಬೇಕು. ಪಿನ್ ಕೇಳಿದರೆ ಎರಡೂ ಕಡೆ ಒಂದೇ ನಂಬರ್ ಹೊಡೆಯಿರಿ, 0000 ಅಥವಾ 1234 ಸಾಮಾನ್ಯವಾಗಿ ನಡೆಯುತ್ತದೆ.

ಫೋಟೊಗಳು ಚಿಕ್ಕವು, ಒಂದೊಂದು ಸುಮಾರು 50 ಕೆಬಿ, ಹಾಗಾಗಿ ಬೇಗ ಹೋಗುತ್ತವೆ. ಆದರೆ ಚಿಕ್ಕಪ್ಪನ ಫೋನಿನಲ್ಲಿ ಒಟ್ಟಿಗೆ ಕಳಿಸುವ ಸೌಕರ್ಯ ಇರಲಿಲ್ಲ. ಆಪ್ಷನ್, ಸೆಂಡ್, ಬ್ಲೂಟೂತ್, ಕಂಪ್ಯೂಟರ್ ಹೆಸರು, ಓಕೆ. ಕಂಪ್ಯೂಟರಿನಲ್ಲಿ ಫಿನಿಶ್. ಮತ್ತೆ ರಿಸೀವ್. ಮತ್ತೆ ಆಪ್ಷನ್. ಒಂಬತ್ತನೇ ಫೋಟೊಗೆ ನನ್ನ ಹೆಬ್ಬೆರಳು ಮುಷ್ಕರ ಹೂಡಿತು. ಐದಾರು ಫೋಟೊ ಇದ್ದರೆ ಬ್ಲೂಟೂತ್ ಸರಿ. 65ಕ್ಕೆ ಅಲ್ಲ.

ಆಮೇಲೆ ಹೊಳೆಯಿತು. ಕಾರ್ಡನ್ನು ಮತ್ತೆ ಫೋನಿಗೆ ಹಾಕಿದೆ. ಫೋನಿನ ಫೈಲ್ ಮ್ಯಾನೇಜರಿನಲ್ಲೇ ಎಲ್ಲವನ್ನೂ ಮಾರ್ಕ್ ಮಾಡಿ, ಕಾರ್ಡಿನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ಅದಕ್ಕೆ ಕಾಪಿ ಮಾಡಿದೆ. ಮತ್ತೆ ಫೋನ್ ಆಫ್, ರಬ್ಬರ್ ಬ್ಯಾಂಡ್, ಟವೆಲ್, ಕಾರ್ಡ್ ರೀಡರ್. ಮುಗಿಯಿತು.

ಮುಗಿಯಿತು ಅಂದುಕೊಂಡೆ. ಆ 65ನ್ನು ಎಳೆದು ಮೊದಲಿನ 398 ಇದ್ದ ಫೋಲ್ಡರಿಗೇ ಬಿಟ್ಟಾಗ ಒಂದು ಪ್ರಶ್ನೆ ಬಂತು. ನಾನು ಓದದೆ ಮೊದಲ ಸಾಲನ್ನೇ ಒತ್ತಿದೆ. ನಿಮಿಷ ಕಳೆಯುವುದರೊಳಗೆ ಕೆಲಸ ಆಯಿತು. ಚಿಕ್ಕಪ್ಪನನ್ನು ಕರೆದು "ಆಯ್ತು ನೋಡಿ" ಅನ್ನುವ ಹೊತ್ತಿಗೆ ಸರಿಯಾಗಿ ಚೀಟಿ ಕಣ್ಣಿಗೆ ಬಿತ್ತು. 463 ಇರಬೇಕು. ಫೋಲ್ಡರಿನ ಕೆಳಗೆ 398 ಅಂತ ಇತ್ತು.

ಒಂದೂ ಹೆಚ್ಚಾಗಿಲ್ಲ. ಹಾಗಾದರೆ ಹೊಸ 65 ಎಲ್ಲಿ? ಇದ್ದವು. ಹಳೆಯ 65 ಇರಲಿಲ್ಲ. ಕಾರ್ಡಿನಲ್ಲಿ ಫೋಟೊಗಳಿಗೆ ಹೆಸರು 0001, 0002 ಅಂತ ಇತ್ತು. ಫೋನ್ ಮೆಮೊರಿಯಲ್ಲೂ ಎಣಿಕೆ ಮತ್ತೆ 0001ರಿಂದಲೇ ಶುರುವಾಗಿತ್ತು. ನಾನು ಓದದೆ ಒತ್ತಿದ್ದು ರಿಪ್ಲೇಸ್. ಒಂದೇ ಹೆಸರಿನ ಹಳೆಯ ಫೋಟೊ ತೆಗೆದು ಹೊಸದನ್ನು ಅದರ ಜಾಗದಲ್ಲಿ ಕೂರಿಸಿಬಿಟ್ಟಿತ್ತು, ನಾನೇ ಹೇಳಿದ್ದೆನಲ್ಲ. ಕಾರ್ಡಿನಲ್ಲಿ ಎಲ್ಲವೂ ಹಾಗೇ ಇದ್ದದ್ದರಿಂದ ಬಚಾವಾದೆ. ಅಷ್ಟರೊಳಗೆ ಕಾರ್ಡ್ ಖಾಲಿ ಮಾಡಿದ್ದರೆ ಗತಿ ಏನು? ಚೀಟಿ ಇಲ್ಲದಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಎರಡು ಬೇರೆ ಬೇರೆ ಫೋಲ್ಡರ್ ಮಾಡಿ ಮತ್ತೆ ಕಾಪಿ ಮಾಡಿದೆ. ಎಣಿಸಿದೆ. ಸುಮ್ಮನೆ ಎಣಿಸಿದರೂ ಸಾಲದು ಅಂತ ಅಲ್ಲೊಂದು ಇಲ್ಲೊಂದು ತೆರೆದೂ ನೋಡಿದೆ. ಹೆಸರು ಇದ್ದು ಒಳಗೆ ಫೋಟೊ ಅರ್ಧಕ್ಕೆ ಬೂದು ಬಣ್ಣವಾಗಿ ನಿಂತಿರುವುದು ಇದೆಯಲ್ಲ, ಅದು ಎಣಿಕೆಯಲ್ಲಿ ಗೊತ್ತಾಗುವುದಿಲ್ಲ.

ತಾರೀಖಿನದು ಇನ್ನೊಂದು ಗೋಳು. ಕಾಪಿ ಮಾಡಿದ ಮೇಲೆ ಕ್ರಿಯೇಟೆಡ್ ಅನ್ನುವಲ್ಲಿ ಇವತ್ತಿನ ತಾರೀಖು ಬರುತ್ತದೆ, ಅದನ್ನು ನೋಡಬೇಡಿ. ಮಾಡಿಫೈಡ್ ಅನ್ನುವುದು ಸಾಮಾನ್ಯವಾಗಿ ಫೋಟೊ ತೆಗೆದ ದಿನ. ಅದು ಕಾಪಿ ಮಾಡಿದರೂ ಬದಲಾಗುವುದಿಲ್ಲ. 398 ಫೋಟೊ ಅದರ ಪ್ರಕಾರ ಚೆನ್ನಾಗಿ ಸಾಲಾಗಿ ನಿಂತವು. 65 ಮಾತ್ರ ಜನವರಿ 1ರಿಂದ ಶುರು, ಅದೂ ಯಾವುದೋ ಓಬಿರಾಯನ ಕಾಲದ ವರ್ಷ. ಬ್ಯಾಟರಿ ತೆಗೆದಾಗ ಈ ಥರದ ಎಷ್ಟೋ ಫೋನುಗಳ ಗಡಿಯಾರ ಹಿಂದಕ್ಕೆ ಹೋಗಿಬಿಡುತ್ತದೆ, ಮತ್ತೆ ಸರಿ ಮಾಡದಿದ್ದರೆ ಅಲ್ಲಿಂದಲೇ ಓಡುತ್ತದೆ. ಚಿಕ್ಕಪ್ಪ ಯಾರಿಗೋ ಹಾಡು ತುಂಬಿಸಲು ಅಂತ ಕಾರ್ಡ್ ತೆಗೆದುಕೊಟ್ಟಿದ್ದರಂತೆ. ಆಗ ಬ್ಯಾಟರಿ ತೆಗೆದಿದ್ದಾರೆ. ಕಾರ್ಡ್ ಇಲ್ಲದ್ದರಿಂದ ಕ್ಯಾಮೆರಾ ಫೋನ್ ಮೆಮೊರಿಗೆ ಫೋಟೊ ಹಾಕಲು ಶುರು ಮಾಡಿದೆ. ಕಾರ್ಡ್ ವಾಪಸ್ ಹಾಕಿದ ಮೇಲೂ ಅಲ್ಲಿಗೇ ಹಾಕುತ್ತಾ ಹೋಗಿದೆ. ತಾರೀಖು ಕೇಳುವ ಪರದೆ ಬಂದಾಗಲೆಲ್ಲ ಇವರು ಕೆಂಪು ಬಟನ್ ಒತ್ತಿ ಮುಂದೆ ಹೋಗಿದ್ದಾರೆ.

ಆ 65 ಯಾವ ತಿಂಗಳಿನವು ಅಂತ ತಿಳಿಯುವುದು ಹೇಗೆ? ಇಲ್ಲಿ ಚಿಕ್ಕಪ್ಪನ ಹುಚ್ಚೇ ಕೈ ಹಿಡಿಯಿತು. ಅವರು ಪ್ರತಿ ತಿಂಗಳೂ ಮೀಟರ್ ಫೋಟೊ ತೆಗೆಯುತ್ತಾರೆ. ಮೀಟರ್ ಹಿಂದಕ್ಕೆ ಓಡುವುದಿಲ್ಲವಲ್ಲ. ಹಳೆಯ ಬಿಲ್ಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಮೀಟರಿನ ಅಂಕಿ ನೋಡುತ್ತಾ ಹೋದೆವು. ಈ ರೀಡಿಂಗ್ ಈ ತಿಂಗಳಿನದು, ಮುಂದಿನದು ಮುಂದಿನ ತಿಂಗಳಿನದು, ಹಾಗಾದರೆ ನಡುವೆ ಇರುವ ಬೆಕ್ಕಿನ ಮರಿ ಇವೆರಡರ ಮಧ್ಯದ್ದು. ಹೀಗೆ ಫೋಲ್ಡರ್ ಮಾಡಿ ತಿಂಗಳಿನ ಹೆಸರು ಹಾಕಿದೆವು. ಒಂದು ಮೀಟರ್ ಫೋಟೊದಲ್ಲಿ ಕೊನೆಯ ಅಂಕಿಯ ಮೇಲೇ ರಬ್ಬರ್ ಬ್ಯಾಂಡ್ ಬಂದಿತ್ತು. 3 ಅಂತ ನಾನು, 8 ಅಂತ ಅವರು. ಅಷ್ಟಕ್ಕೇ ಹತ್ತು ನಿಮಿಷ ಜಗಳ.

ವಿಡಿಯೊ ನಾಲ್ಕಿದ್ದವು. 3ಜಿಪಿ ಅನ್ನುವ ಬಗೆಯವು, 176ಕ್ಕೆ 144 ಚುಕ್ಕಿಯ ಅಳತೆ, ಅಂಚೆ ಚೀಟಿಯಷ್ಟು. ಕಂಪ್ಯೂಟರಿನಲ್ಲಿ ಓಡದಿದ್ದರೆ ವಿಎಲ್‌ಸಿ ಅನ್ನುವ ಉಚಿತ ಪ್ಲೇಯರ್ ಹಾಕಿಕೊಳ್ಳಿ, ಓಡುತ್ತವೆ. ಇನ್ನು ಕಾರ್ಡೂ ಇಲ್ಲ, ಕೇಬಲೂ ಇಲ್ಲ, ಬ್ಲೂಟೂತೂ ಇಲ್ಲದ ಫೋನಾದರೆ ಫೋಟೊ ಮೆಸೇಜ್, ಅಂದರೆ ಎಂಎಂಎಸ್ ಒಂದೇ ಗತಿ, ಅದೂ ನಿಮ್ಮ ಸಿಮ್‌ನಲ್ಲಿ ಆ ಸೇವೆ ಇದ್ದರೆ. ನಂಬರ್ ಹೊಡೆಯುವಲ್ಲಿ ಇಮೇಲ್ ವಿಳಾಸ ಹೊಡೆದರೆ ಕೆಲವು ಕಡೆ ಹೋಗಬಹುದು, ಆದರೆ ಪ್ರತಿ ಫೋಟೊಗೂ ದುಡ್ಡು ಹೋಗಬಹುದು, ದೊಡ್ಡದಿದ್ದರೆ ಕುಗ್ಗಿಸಿ ಕಳಿಸುತ್ತದೆ. ನಾನಾಗಿದ್ದರೆ ತೀರಾ ಬೇಕಾದ ಒಂದೆರಡನ್ನು ಮಾತ್ರ ಹೀಗೆ ತೆಗೆಯುತ್ತಿದ್ದೆ.

ಎಲ್ಲ ಆದ ಮೇಲೆ ಚಿಕ್ಕಪ್ಪನನ್ನು ಮಾನಿಟರ್ ಮುಂದೆ ಕೂರಿಸಿದೆ. ಮೊದಲ ಫೋಟೊ ತೆರೆದೆ.

"ಇಷ್ಟೇನಾ? ಫೋನಲ್ಲಿ ಪರದೆ ತುಂಬಾ ಬರ್ತಿತ್ತು!"

ಅವರ ಕ್ಯಾಮೆರಾ ವಿಜಿಎ. 640ಕ್ಕೆ 480 ಚುಕ್ಕಿ. ನನ್ನ ಮಾನಿಟರ್ 1920ಕ್ಕೆ 1080. ಗುಣಿಸಿ ನೋಡಿದರೆ ಫೋಟೊ ಪರದೆಯ ಸುಮಾರು ಏಳನೇ ಒಂದು ಭಾಗ ಮಾತ್ರ. ದೊಡ್ಡದು ಮಾಡಿ ತೋರಿಸು ಅಂದರು. ಮಾಡಿದೆ. ಬೆಕ್ಕು ಇಟ್ಟಿಗೆ ಜೋಡಿಸಿದ ಹಾಗೆ ಕಂಡಿತು. "ಬೇಡ, ಮೊದಲಿನ ಹಾಗೇ ಇರಲಿ" ಅಂದರು. ನಾನೂ ಅದನ್ನೇ ಹೇಳುವುದು, ಮೂಲ ಅಳತೆಯಲ್ಲೇ ಬಿಡಿ. ಹಿಗ್ಗಿಸಿ ಉಳಿಸಿದರೆ ಫೈಲ್ ದೊಡ್ಡದಾಗುತ್ತದೆ, ಫೋಟೊದಲ್ಲಿ ಹೊಸದಾಗಿ ಏನೂ ಕಾಣುವುದಿಲ್ಲ.

ಆಮೇಲೆ ಜಾಗ ಖಾಲಿ ಮಾಡಿಕೊಡೋಣ ಅಂತ ಲೆಕ್ಕ ನೋಡಿದೆ. 463 ಫೋಟೊ ಸೇರಿ 22 ಎಂಬಿ. ನನ್ನ ಸ್ಮಾರ್ಟ್‌ಫೋನಿನ ಆರೇಳು ಫೋಟೊಗೆ ಅಷ್ಟಾಗುತ್ತದೆ. ಕಾರ್ಡು 2 ಜಿಬಿಯದು, ಹಾಡುಗಳನ್ನು ಕಳೆದರೂ 1 ಜಿಬಿಗಿಂತ ಜಾಸ್ತಿ ಖಾಲಿ. ಹಾಗಾದರೆ ಫುಲ್ ಆಗಿದ್ದು ಯಾವುದು? ಫೋನ್ ಮೆಮೊರಿ. ಅದರಲ್ಲಿ ಇರುವುದೇ ಕೆಲವು ಎಂಬಿ, ಆ 65 ಫೋಟೊ ಮೂರು ಎಂಬಿ ತಿಂದು ಕೂತಿದ್ದವು. ಕ್ಯಾಮೆರಾ ಸೆಟ್ಟಿಂಗ್‌ಗೆ ಹೋಗಿ ಸ್ಟೋರೇಜ್ ಅನ್ನುವಲ್ಲಿ ಫೋನ್ ಬದಲು ಮೆಮೊರಿ ಕಾರ್ಡ್ ಅಂತ ಮಾಡಿ, ಆ 65ನ್ನು ಕಾರ್ಡಿಗೆ ಸರಿಸಿದ್ದರೆ ಚಿಕ್ಕಪ್ಪನ ತೊಂದರೆ ಅಲ್ಲಿಗೇ ಮುಗಿಯುತ್ತಿತ್ತು. ಐದು ನಿಮಿಷದ ಕೆಲಸ.

ಇದನ್ನು ಅವರಿಗೆ ಹೇಳಲಿಲ್ಲ. ಸೆಟ್ಟಿಂಗ್ ಮಾತ್ರ ಬದಲಾಯಿಸಿ, ತಾರೀಖು ಸರಿ ಮಾಡಿ, ಫೋಟೊಗಳನ್ನು ನನ್ನ ಕಂಪ್ಯೂಟರಿನಲ್ಲೂ ಒಂದು ಪೆನ್‌ಡ್ರೈವ್‌ನಲ್ಲೂ ಎರಡು ಕಡೆ ಇಟ್ಟು, ಆಮೇಲೆ ಫೋನಿನ ಹಳೆಯದನ್ನೆಲ್ಲ ಅಳಿಸಿ, ಕಾರ್ಡ್ ಹಾಕಿ, ಬ್ಯಾಟರಿ ಹಾಕಿ, ರಬ್ಬರ್ ಬ್ಯಾಂಡನ್ನು ಕ್ಯಾಮೆರಾದಿಂದ ಎರಡು ಬೆರಳು ಕೆಳಗೆ ಸರಿಸಿ ಕೊಟ್ಟೆ.

ಅವರು ಫೋನು ಎತ್ತಿ ಹಿಡಿದು, ಮಾನಿಟರ್‌ನಲ್ಲಿ ಕಾಣುತ್ತಿದ್ದ ಮೀಟರಿನ ಫೋಟೊವನ್ನೇ ಒಂದು ಫೋಟೊ ತೆಗೆದರು.

"ಇದ್ಯಾಕೆ ಚಿಕ್ಕಪ್ಪ?"

"ನನ್ನ ಫೋನಲ್ಲಿ ಒಂದು ಇರ್ಲಿ ಕಣೋ. ನಿನ್ನ ಕಂಪ್ಯೂಟರ್ ಕೆಟ್ಟೋದ್ರೆ?"

ಗ್ಯಾಲರಿ ತೆಗೆದು ನೋಡಿದೆ. ಹೆಸರು 0001. ರಬ್ಬರ್ ಬ್ಯಾಂಡ್ ಮತ್ತೆ ಮೇಲಕ್ಕೆ ಸರಿದಿತ್ತು.